ಹಾಡಿಗೊಂದು ಮುಖ

ಗ್ರಾಮಫೋನಿನ ಹಿತ್ತಾಳೆ ಕೊಳವೆಯ ಮುಂದೆ ತಲೆ ಓರೆ ಮಾಡಿ ಕುಳಿತ ಆ ನಾಯಿಯನ್ನು ನನ್ನ ವಯಸ್ಸಿನವರೆಲ್ಲ ಬಲ್ಲರು. ನಮ್ಮ ಕಡೆ ರೆಕಾರ್ಡಿಗೆ ‘ಪ್ಲೇಟು’ ಎನ್ನುತ್ತಿದ್ದರು. ಎಚ್‌ಎಂವಿ ಕಂಪನಿಯದಾದರೆ ಅದು ‘ನಾಯಿ ಪ್ಲೇಟು’. ಹಾಡಿದವರು ಯಾರು, ಬರೆದವರು ಯಾರು ಎಂದು ತಿಳಿಯದ ಮಕ್ಕಳಿಗೂ ನಾಯಿ ಗೊತ್ತಿತ್ತು. ತನ್ನ ಯಜಮಾನನ ದನಿ ಕೇಳಿ ಅದು ಹಾಗೆ ಕುಳಿತಿದೆ ಎಂದು ದೊಡ್ಡವರು ಹೇಳುತ್ತಿದ್ದರು, ನಾವು ನಂಬುತ್ತಿದ್ದೆವು.

ಆ ಚಿತ್ರ ತಿದ್ದಿದ ಚಿತ್ರ ಎಂಬುದು ನನಗೆ ತಿಳಿದದ್ದು ಬಹಳ ತಡವಾಗಿ. ಬರೆದವನು ಫ್ರಾನ್ಸಿಸ್ ಬರಾಡ್ ಎಂಬ ಇಂಗ್ಲೆಂಡಿನ ಕಲಾವಿದ. ನಾಯಿಯ ಹೆಸರು ನಿಪ್ಪರ್. ಅದು ಅವನ ಅಣ್ಣನ ನಾಯಿ, ಅಣ್ಣ ತೀರಿಕೊಂಡ ಮೇಲೆ ಇವನ ಮನೆ ಸೇರಿತ್ತು. 1895ರಲ್ಲಿ ನಾಯಿ ಸತ್ತಿತು. ಅದಾದ ಕೆಲವು ವರ್ಷಗಳಿಗೆ ಬರಾಡ್ ನೆನಪಿನಿಂದ ಈ ಚಿತ್ರ ಬರೆದ. ಆಗ ನಾಯಿಯ ಮುಂದಿದ್ದದ್ದು ಗ್ರಾಮಫೋನ್ ಅಲ್ಲ, ಮೇಣದ ಉರುಳೆ ತಿರುಗುವ ಫೋನೋಗ್ರಾಫ್. ಆ ಯಂತ್ರ ಮಾಡುವವರು ಚಿತ್ರ ಬೇಡವೆಂದರು. 1899ರಲ್ಲಿ ಲಂಡನ್ನಿನ ಗ್ರಾಮಫೋನ್ ಕಂಪನಿಯವರು, “ಕೊಳ್ಳುತ್ತೇವೆ, ಆದರೆ ಅಲ್ಲಿ ನಮ್ಮ ಯಂತ್ರ ಇರಬೇಕು” ಎಂಬ ಕರಾರು ಹಾಕಿದರು. ಬರಾಡ್ ಹಳೆಯ ಯಂತ್ರದ ಮೇಲೆ ಬಣ್ಣ ಬಳಿದು ಹೊಸದನ್ನು ಬರೆದುಕೊಟ್ಟ. ಚಿತ್ರಕ್ಕೆ 50 ಪೌಂಡ್, ಅದರ ಹಕ್ಕಿಗೆ 50 ಪೌಂಡ್. ಬೆಳಕಿಗೆ ಓರೆಯಾಗಿ ಹಿಡಿದು ನೋಡಿದರೆ ಬಣ್ಣದಡಿ ಹಳೆಯ ಯಂತ್ರದ ಗುರುತು ಇನ್ನೂ ಕಾಣುತ್ತದಂತೆ.

ನಾಯಿ ಕುಳಿತಲ್ಲೇ ಕುಳಿತಿತ್ತು, ಅದು ಕೇಳುತ್ತಿದ್ದ ಯಂತ್ರ ಮಾತ್ರ ಬದಲಾಯಿತು. ಈಗ ಚಿತ್ರ ತಿದ್ದುವುದೆಂದರೆ ಕಂಪ್ಯೂಟರಿನ ಕೆಲಸ, ಫೋಟೋಶಾಪ್ ಎಂಬ ಮಾಯೆ ಬಂದ ಮೇಲೆ ಶುರುವಾದ ಕೆಲಸ ಎಂದು ನಾವು ಭಾವಿಸಿದ್ದೇವೆ. ಹಾಡಿನ ಹೊದಿಕೆಗಳ ಚರಿತ್ರೆ ನೋಡಿದರೆ ಹಾಗಲ್ಲ. ಯಾರನ್ನು ಸೇರಿಸುವುದು, ಯಾರನ್ನು ತೆಗೆಯುವುದು, ಯಾರ ಹೆಸರು ಬರೆಯುವುದು ಎಂಬ ಲೆಕ್ಕಾಚಾರ ಮೊದಲ ಪ್ಲೇಟಿನಿಂದಲೂ ನಡೆದಿದೆ. ಯಂತ್ರ ಬಂದ ಮೇಲೆ ಆದ ವ್ಯತ್ಯಾಸ ಒಂದೇ. ಹೊಲಿಗೆ ಕಾಣದಂತಾಯಿತು.

ನಮ್ಮ ದೇಶದಲ್ಲಿ ವ್ಯಾಪಾರಕ್ಕಾಗಿ ಮೊದಲು ಹಾಡು ಮುದ್ರಿಸಿಕೊಂಡದ್ದು 1902ರ ನವೆಂಬರಿನಲ್ಲಿ, ಕಲ್ಕತ್ತೆಯಲ್ಲಿ. ಲಂಡನ್ನಿನ ಅದೇ ಕಂಪನಿ ಫ್ರೆಡ್ ಗೈಸ್‌ಬರ್ಗ್ ಎಂಬ ತಂತ್ರಜ್ಞನನ್ನು ಕಳಿಸಿತ್ತು. ಹಾಡಿದವರಲ್ಲಿ ಮುಖ್ಯಳು ಗೌಹರ್ ಜಾನ್. ಮೂರು ನಿಮಿಷದ ಹಾಡು ಮುಗಿಯುತ್ತಿದ್ದಂತೆ ಆಕೆ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಹೇಳುತ್ತಿದ್ದಳು. ಅದು ಜಂಬವಲ್ಲ. ಅಚ್ಚುಗಳು ಹಡಗಿನಲ್ಲಿ ಜರ್ಮನಿಯ ಹ್ಯಾನೋವರಿಗೆ ಹೋಗಿ, ಅಲ್ಲಿ ಪ್ಲೇಟುಗಳಾಗಬೇಕಿತ್ತು. ನಮ್ಮ ಭಾಷೆ ತಿಳಿಯದ ಅಲ್ಲಿನ ಕೆಲಸಗಾರರಿಗೆ ಇದು ಯಾರ ಹಾಡು ಎಂದು ಗುರುತು ಸಿಗಬೇಕಲ್ಲ! ಪ್ಲೇಟಿಗೆ ಆಗ ಇದ್ದ ಹೊದಿಕೆ ಬರೀ ಕಾಗದದ ಚೀಲ, ನಡುವೆ ಲೇಬಲ್ ಕಾಣಲೆಂದು ಒಂದು ತೂತು. ಮುಖವಿಲ್ಲದ ಆ ಹಾಡಿಗೆ ಗೌಹರ್ ಜಾನ್ ತನ್ನ ಬಾಯಿಂದಲೇ ಮುಖ ಕೊಟ್ಟಳು ಎಂದು ನನಗೆ ತೋರುತ್ತದೆ.

ಮುಂದೆ ಆಕೆಯ ಮುಖವೂ ಮಾರಾಟವಾಯಿತು. ಪಿಕ್ಚರ್ ಪೋಸ್ಟ್‌ಕಾರ್ಡುಗಳ ಮೇಲೆ ಬಂತು, ಆಸ್ಟ್ರಿಯಾದಿಂದ ಬರುತ್ತಿದ್ದ ಬೆಂಕಿಪೆಟ್ಟಿಗೆಗಳ ಮೇಲೂ ಬಂತು. ದೇಶವೆಲ್ಲ ಗುರುತಿಸಿದ ಆ ಮುಖ ಕೊನೆಗೆ ಬಂದು ನಿಂತದ್ದು ನಮ್ಮ ಮೈಸೂರಿನಲ್ಲಿ. 1928ರಲ್ಲಿ ಆಕೆ ಅರಮನೆಯ ಸಂಗೀತಗಾರ್ತಿಯಾಗಿ ಬಂದಳು. 1930ರ ಜನವರಿ 17ರಂದು ಅಲ್ಲಿಯೇ ತೀರಿಕೊಂಡಳು.

ಇನ್ನು ‘ಆಲ್ಬಮ್’ ಎಂಬ ಮಾತು. ಇದು ನಮ್ಮ ಮನೆಗಳ ಫೋಟೋ ಆಲ್ಬಮ್ಮಿನ ಮಾತೇ. ನಿಮಿಷಕ್ಕೆ 78 ಸುತ್ತು ತಿರುಗುವ ಹಳೆಯ ಪ್ಲೇಟಿನ ಒಂದು ಮಗ್ಗುಲಲ್ಲಿ ಹಿಡಿಯುತ್ತಿದ್ದದ್ದು ಮೂರು ನಾಲ್ಕು ನಿಮಿಷದ ಸಂಗೀತ. ಉದ್ದದ ಕೃತಿಯಾದರೆ ನಾಲ್ಕೈದು ಪ್ಲೇಟು ಬೇಕು. ಅವನ್ನೆಲ್ಲ ಚೀಲಗಳಲ್ಲಿಟ್ಟು, ಚೀಲಗಳನ್ನು ಪುಸ್ತಕದಂತೆ ಹೊಲಿದು, ರಟ್ಟು ಹಾಕಿ ಕೊಡುತ್ತಿದ್ದರು. ನೋಡಲು ಥೇಟ್ ಫೋಟೋ ಆಲ್ಬಮ್. ರಟ್ಟಿನ ಬಣ್ಣ ಕಂದು ಅಥವಾ ಬೂದಿ, ಬೆನ್ನಿನ ಮೇಲೆ ಒಂದು ಸಾಲು ಹೆಸರು. ಅಂಗಡಿಯವರು ಅವನ್ನು ‘ಗೋರಿಕಲ್ಲು’ ಎಂದು ಕರೆಯುತ್ತಿದ್ದರಂತೆ.

ಆ ಗೋರಿಕಲ್ಲಿಗೆ ಬಣ್ಣ ಕೊಟ್ಟವನು ಅಲೆಕ್ಸ್ ಸ್ಟೈನ್‌ವೈಸ್. ನ್ಯೂಯಾರ್ಕಿನ ಹುಡುಗ, 1939ರಲ್ಲಿ ಕೊಲಂಬಿಯಾ ರೆಕಾರ್ಡ್ಸ್ ಸೇರಿದಾಗ ಇಪ್ಪತ್ತೆರಡು ವರ್ಷ. ಹಣ್ಣಂಗಡಿಯವನೂ ಹಣ್ಣು ಒರೆಸಿ ಜೋಡಿಸುತ್ತಾನೆ, ಸಂಗೀತವನ್ನು ಹೀಗೆ ಹರಕು ಬಟ್ಟೆ ತೊಡಿಸಿ ನಿಲ್ಲಿಸಿದರೆ ಯಾರು ಕೊಳ್ಳುತ್ತಾರೆ ಎಂಬುದು ಅವನ ವಾದದ ಸಾರ. ಖರ್ಚಾಗುತ್ತದೆಂದು ಕಂಪನಿ ಹಿಂದೆಗೆಯಿತು, ಕೊನೆಗೆ ಒಪ್ಪಿತು. 1940ರಲ್ಲಿ ರಾಜರ್ಸ್ ಮತ್ತು ಹಾರ್ಟ್ ಎಂಬ ಜೋಡಿಯ ಹಾಡುಗಳ ಆಲ್ಬಮ್ಮಿಗೆ ಮೊದಲ ಚಿತ್ರದ ರಟ್ಟು ಬಂತು. ಅದಕ್ಕಾಗಿ ಅವನು ಇಂಪೀರಿಯಲ್ ಎಂಬ ನಾಟಕಶಾಲೆಯವರನ್ನು ಒಪ್ಪಿಸಿ, ಮುಂಬಾಗಿಲ ಮೇಲಿನ ದೀಪದ ಫಲಕದ ಅಕ್ಷರಗಳನ್ನೇ ಸ್ವಲ್ಪ ಹೊತ್ತು ಬದಲಾಯಿಸಿ, ಆಲ್ಬಮ್ಮಿನ ಹೆಸರು ಬರೆಸಿ, ಫೋಟೋ ತೆಗೆಸಿದ. ಈಗಿನ ಹುಡುಗರು ಕುರ್ಚಿ ಬಿಟ್ಟೇಳದೆ ಐದು ನಿಮಿಷದಲ್ಲಿ ಮಾಡುವ ಕೆಲಸಕ್ಕೆ ಅಂದು ಏಣಿ ಹತ್ತಬೇಕಿತ್ತು. 1948ರಲ್ಲಿ ಅದೇ ಕಂಪನಿ ನಿಧಾನವಾಗಿ ತಿರುಗುವ ದೊಡ್ಡ ಪ್ಲೇಟನ್ನು, ಅಂದರೆ ಎಲ್‌ಪಿಯನ್ನು ತಂದಿತು. ಹನ್ನೆರಡು ಅಂಗುಲ ಅಗಲದ ಅದರ ರಟ್ಟು ಚಿತ್ರಗಾರರಿಗೆ ಒಳ್ಳೆಯ ಹಸೆಮಣೆಯಾಯಿತು.

ಆ ಹಸೆಮಣೆಯ ಮೇಲೆ ಕುಳಿತ ಅತಿ ಪ್ರಸಿದ್ಧ ಚಿತ್ರವೆಂದರೆ 1967ರ ‘ಸಾರ್ಜೆಂಟ್ ಪೆಪ್ಪರ್ಸ್’ ಆಲ್ಬಮ್ಮಿನದು. ಹಾಡಿದವರು ಬೀಟಲ್ಸ್ ಎಂಬ ಇಂಗ್ಲೆಂಡಿನ ನಾಲ್ವರು ಹುಡುಗರು. ಕವರಿನಲ್ಲಿ ಅವರ ಬೆನ್ನಿಗೆ ಒಂದು ಸಂತೆಯೇ ನಿಂತಿದೆ. ಲೇಖಕರು, ನಟನಟಿಯರು, ಬಾಕ್ಸಿಂಗ್ ಪಟುಗಳು, ತತ್ತ್ವಜ್ಞಾನಿಗಳು, ಎಲ್ಲ ಸೇರಿ ಐವತ್ತಕ್ಕೂ ಹೆಚ್ಚು ಮಂದಿ. ನಮ್ಮವರೂ ಇದ್ದಾರೆ. ಪರಮಹಂಸ ಯೋಗಾನಂದರು, ಅವರ ಗುರು ಶ್ರೀ ಯುಕ್ತೇಶ್ವರರು, ಲಾಹಿರಿ ಮಹಾಶಯರು, ಮಹಾವತಾರ ಬಾಬಾಜಿ. ಆ ನಾಲ್ವರನ್ನು ಆರಿಸಿದ್ದು ಸಿತಾರಿಗೆ ಮನಸೋತಿದ್ದ ಜಾರ್ಜ್ ಹ್ಯಾರಿಸನ್. ಇಷ್ಟು ಜನರನ್ನು ಹೇಗೆ ಸೇರಿಸಿದರು ಎಂದರೆ, ಫೋಟೋಗಳನ್ನು ಆಳೆತ್ತರಕ್ಕೆ ದೊಡ್ಡದು ಮಾಡಿ, ರಟ್ಟಿಗೆ ಅಂಟಿಸಿ, ಅಂಚು ಕತ್ತರಿಸಿ, ಬಣ್ಣ ಹಾಕಿ, ಲಂಡನ್ನಿನ ಒಂದು ಸ್ಟುಡಿಯೋದಲ್ಲಿ ಸಾಲಾಗಿ ನಿಲ್ಲಿಸಿದರು. ನಮ್ಮ ಮನೆಗಳಲ್ಲಿ ನವರಾತ್ರಿಗೆ ಗೊಂಬೆ ಕೂರಿಸಿದ ಹಾಗೆ. ಮುಂದೆ ಹೂವಿನ ಅಲಂಕಾರ. 1967ರ ಮಾರ್ಚ್ 30ರಂದು ಮೈಕೇಲ್ ಕೂಪರ್ ಫೋಟೋ ತೆಗೆದ. ಖರ್ಚು ಸುಮಾರು 3,000 ಪೌಂಡ್, ಆ ಕಾಲಕ್ಕೆ ಒಂದು ಕವರಿಗೆ ಕೇಳರಿಯದ ಮೊತ್ತ.

ಆ ಗೊಂಬೆ ಸಾಲಿನಲ್ಲಿ ಮಹಾತ್ಮ ಗಾಂಧಿಯವರೂ ಇದ್ದರು. ಅವರ ಆಕೃತಿಯನ್ನು ಕತ್ತರಿಸಿ ನಿಲ್ಲಿಸಿಯೂ ಆಗಿತ್ತು. ರೆಕಾರ್ಡ್ ಕಂಪನಿಯ ಮುಖ್ಯಸ್ಥ ಸರ್ ಜೋಸೆಫ್ ಲಾಕ್‌ವುಡ್, ಇದರಿಂದ ಭಾರತದಲ್ಲಿ ಜನ ನೊಂದುಕೊಂಡಾರು, ತೆಗೆಯಿರಿ ಎಂದರು. ತೆಗೆದರು. ಅಂತಿಮ ಚಿತ್ರದಲ್ಲಿ ಗಾಂಧಿಯವರಿಲ್ಲ. ಅಂದು ತೆಗೆದ ಬೇರೆ ಫೋಟೋಗಳಲ್ಲಿ ಮಾತ್ರ ಇನ್ನೂ ಕಾಣಸಿಗುತ್ತಾರೆ. ಆ ಕಂಪನಿ ಇಎಂಐ, ನಮ್ಮ ನಾಯಿ ಪ್ಲೇಟಿನ ಮಾತೃಸಂಸ್ಥೆ. ನಮ್ಮ ಮನಸ್ಸು ನೋಯಬಾರದೆಂದು ನಮ್ಮನ್ನು ಕೇಳದೆಯೇ ಮಾಡಿದ ಕೆಲಸ ಇದು.

ಇದೇ ಕವರಿನಲ್ಲಿ ಇನ್ನೊಬ್ಬರು ಅರ್ಧ ಮರೆಯಾದರು. ಅದು ಜಾನ್ ಹಾವರ್ತ್ ಎಂಬ ಅಮೆರಿಕದ ಕಲಾವಿದೆ. ಗಂಡ ಪೀಟರ್ ಬ್ಲೇಕ್ ಮತ್ತು ಆಕೆ ಇಬ್ಬರೂ ಸೇರಿ ಮಾಡಿದ ಕೆಲಸವಿದು. ಚಿತ್ರದ ಬಲಬದಿಯಲ್ಲಿ ಕುಳಿತಿರುವ ಬಟ್ಟೆಯ ಅಜ್ಜಿಗೊಂಬೆ ಆಕೆಯ ಕೈಯ ಹೊಲಿಗೆ. ಕವರಿಗೆ ಬಂದ ಗ್ರ್ಯಾಮಿ ಪ್ರಶಸ್ತಿಯಲ್ಲೂ ಇಬ್ಬರ ಹೆಸರೂ ಇತ್ತು. ಆದರೆ ಜನರ ಬಾಯಲ್ಲಿ ಉಳಿದದ್ದು ಗಂಡನ ಹೆಸರೇ. ಆ ಸಂತೆಯಲ್ಲಿ ಹೆಂಗಸರು ಎಷ್ಟು ಕಡಿಮೆ ಎಂದು ಮುಂದೆ ಆಕೆಗೇ ಕೊರಗಾಯಿತು. 2004ರಲ್ಲಿ ಅಮೆರಿಕದ ಸಾಲ್ಟ್ ಲೇಕ್ ಸಿಟಿಯ ಒಂದು ಗೋಡೆಯ ಮೇಲೆ ಅದೇ ಮಾದರಿಯಲ್ಲಿ ಹೊಸ ಸಾಲು ನಿಲ್ಲಿಸಲು ಹೊರಟಳು. ಈ ಸಲ ಹೆಂಗಸರಿಗೆ ಸರಿಯಾದ ಪಾಲು ಸಿಕ್ಕಿತು. ಮೂವತ್ತೇಳು ವರ್ಷದ ಮೇಲೆ ಮಾಡಿದ ತಿದ್ದುಪಡಿ!

ಅಷ್ಟು ದೂರ ಏಕೆ ಹೋಗಬೇಕು? ನಮ್ಮ ಊರುಗಳ ಫೋಟೋ ಸ್ಟುಡಿಯೋಗಳಲ್ಲಿ ಆಗ ನಡೆಯುತ್ತಿದ್ದದ್ದೂ ಇದೇ. ಹುಡುಗಿಯ ಫೋಟೋ ಗಂಡಿನ ಮನೆಗೆ ಹೋಗಬೇಕಾದರೆ ಮೊದಲು ‘ಟಚಿಂಗ್’ ಆಗಬೇಕು. ಸ್ಟುಡಿಯೋದವರು ನೆಗೆಟಿವನ್ನು ಬೆಳಕಿನ ಮುಂದಿಟ್ಟು, ಸೂಜಿಯಂತೆ ಚೂಪಾದ ಪೆನ್ಸಿಲಿನಿಂದ ಮೊಡವೆ, ಕಲೆ, ಕಣ್ಣಡಿಯ ಕಪ್ಪು ಎಲ್ಲವನ್ನೂ ತುಂಬುತ್ತಿದ್ದರು. ನೆಗೆಟಿವಿನಲ್ಲಿ ಕಪ್ಪಾದದ್ದು ಪ್ರಿಂಟಿನಲ್ಲಿ ಬೆಳ್ಳಗೆ ಬರುತ್ತದೆ. ಎಂದರೆ ಹುಡುಗಿಯನ್ನು ಬೆಳ್ಳಗೆ ಮಾಡಲು ಅವಳ ಮುಖಕ್ಕೆ ಮಸಿ ಬಳಿಯಬೇಕು! ಫೋಟೋ ನೋಡಿ ಒಪ್ಪಿದವರು ಹುಡುಗಿಯನ್ನು ನೋಡಿ ಮುಖ ಸಿಂಡರಿಸಿದ ಕಥೆಗಳು ನಮ್ಮ ಬೀದಿಯಲ್ಲೇ ಎರಡು ಮೂರು ಇದ್ದವು. ಅಂಥ ಹೊತ್ತಿನಲ್ಲಿ ತಪ್ಪು ಪೆನ್ಸಿಲಿನದಾಗಲಿಲ್ಲ, ಹುಡುಗಿಯದಾಯಿತು.

ಆಮೇಲೆ ಕ್ಯಾಸೆಟ್ಟಿನ ಕಾಲ ಬಂತು. ಫಿಲಿಪ್ಸ್ ಕಂಪನಿ 1963ರಲ್ಲಿ ಹೊರತಂದ ಆ ಪುಟ್ಟ ಪೆಟ್ಟಿಗೆ ನಮ್ಮ ಅಡಿಗೆಮನೆಗಳವರೆಗೆ ಬರಲು ಇಪ್ಪತ್ತು ವರ್ಷ ಹಿಡಿಯಿತು. ಕನ್ನಡದಲ್ಲಿ 1978ರ ‘ನಿತ್ಯೋತ್ಸವ’ ಭಾವಗೀತೆಗಳ ಮೊದಲ ಕ್ಯಾಸೆಟ್ ಎಂದು ಹೆಸರಾಯಿತು. ನಿಸಾರ್ ಅಹಮದರ ಕವಿತೆ, ಮೈಸೂರು ಅನಂತಸ್ವಾಮಿಯವರ ರಾಗ. ಅಲ್ಲಿಂದ ಮುಂದೆ ಎಷ್ಟು ಕ್ಯಾಸೆಟ್ಟು! ದೇವರನಾಮ, ಜಾನಪದ, ಹರಿಕಥೆ, ನಾಟಕ. ಅವುಗಳ ಕವರು ಎಂದರೆ ಅಂಗೈಯಷ್ಟೂ ಇಲ್ಲದ ಒಂದು ಮಡಿಸಿದ ಕಾಗದ. ಅದರಲ್ಲೇ ದೇವರು, ದೇವಸ್ಥಾನ, ಗಾಯಕರ ಮುಖ, ಹಾಡುಗಳ ಪಟ್ಟಿ. ಹಾಡಿನ ಸಾಲು ಹುಡುಕಲು ಕನ್ನಡಕದ ಮೇಲೆ ಕನ್ನಡಕ ಬೇಕು. ಇದನ್ನು ಮಾಡುವವರು ಫೋಟೋ ಕತ್ತರಿಸಿ, ಕೈಬರಹದ ಶೀರ್ಷಿಕೆಯ ಜತೆ ರಟ್ಟಿನ ಮೇಲೆ ಅಂಟಿಸಿ, ಅದರ ಫೋಟೋ ತೆಗೆದು, ನಾಲ್ಕು ಬಣ್ಣಗಳಾಗಿ ಬೇರ್ಪಡಿಸಿ ಅಚ್ಚಿಗೆ ಕಳಿಸಬೇಕಿತ್ತು. ಗಾಯಕಿಯ ತಲೆಯ ಸುತ್ತ ಕತ್ತರಿಯ ಅಂಚು ಕಾಣುತ್ತಿತ್ತು. ಕಂಡರೆ ಯಾರೂ ಬೇಸರಪಡುತ್ತಿರಲಿಲ್ಲ. ಆಕೆ ತಿರುಪತಿ ಬೆಟ್ಟದ ಮೇಲೆ ತೇಲುತ್ತಿಲ್ಲ, ಅಂಟಿಸಿದ್ದಾರೆ ಎಂದು ಎಲ್ಲರಿಗೂ ಗೊತ್ತಿತ್ತು.

ಕತ್ತರಿ ಅಂಟಿನ ಈ ಕಾಲ ಮುಗಿಯುವ ಮುನ್ನ ಇಂಗ್ಲೆಂಡಿನಲ್ಲಿ ಒಂದು ವಿಚಿತ್ರ ನಡೆಯಿತು. 1987ರಲ್ಲಿ ಪಿಂಕ್ ಫ್ಲಾಯ್ಡ್ ಎಂಬ ತಂಡದ ಆಲ್ಬಮ್ಮಿಗೆ ಸ್ಟಾರ್ಮ್ ಥೋರ್ಗರ್ಸನ್ ಎಂಬ ಕಲಾವಿದ ಕವರು ಮಾಡಬೇಕಿತ್ತು. ಅವನಿಗೆ ಬೇಕಾದದ್ದು ಸಮುದ್ರದ ದಂಡೆಯ ಮೇಲೆ ಕಣ್ಣು ಹರಿಯುವಷ್ಟು ದೂರ ಆಸ್ಪತ್ರೆಯ ಮಂಚಗಳ ಸಾಲು. ಸುಮಾರು 700 ಕಬ್ಬಿಣದ ಮಂಚಗಳನ್ನು ನಿಜವಾಗಿಯೇ ಹೊತ್ತು ತಂದು ಡೆವನ್ ಪ್ರಾಂತದ ಸಾಂಟನ್ ಸ್ಯಾಂಡ್ಸ್ ಮರಳಿನ ಮೇಲೆ ಜೋಡಿಸಿದರು, ಹಾಸಿಗೆ ಹಾಸಿದರು. ಮಳೆ ಬಂತು. ಎಲ್ಲ ಎತ್ತಿ, ಮತ್ತೊಂದು ದಿನ ಮತ್ತೆ ಹೊತ್ತು ತಂದರು. ಒಂದು ಮಂಚದ ಫೋಟೋ ಇದ್ದರೆ ಸಾಕು, ಮಿಕ್ಕ ಮಂಚಗಳನ್ನು ಕಂಪ್ಯೂಟರಿನಲ್ಲೇ ಹಾಸಿಬಿಡಬಹುದು ಎನ್ನುವ ಕಾಲಕ್ಕೆ ಇನ್ನು ಮೂರೇ ವರ್ಷವಿತ್ತು.

ಅದೇ 1987ರಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ ಮಾಡುತ್ತಿದ್ದ ಥಾಮಸ್ ನೋಲ್ ಎಂಬಾತ ತನ್ನ ಮ್ಯಾಕಿಂಟಾಷ್ ಕಂಪ್ಯೂಟರಿಗೆ ಒಂದು ಪುಟ್ಟ ಪ್ರೋಗ್ರಾಂ ಬರೆದಿದ್ದ. ಅವನ ಕಂಪ್ಯೂಟರಿಗೆ ಬರುತ್ತಿದ್ದದ್ದು ಅಪ್ಪಟ ಕಪ್ಪು ಅಥವಾ ಅಪ್ಪಟ ಬಿಳುಪು. ನಡುವಿನ ಬೂದು ಛಾಯೆಗಳನ್ನು ತೋರಿಸುವುದು ಹೇಗೆಂದು ನೋಡಲು ಬರೆದದ್ದು. ಅವನ ತಮ್ಮ ಜಾನ್ ನೋಲ್ ಸಿನಿಮಾಗಳಿಗೆ ಚಮತ್ಕಾರದ ದೃಶ್ಯ ಮಾಡುವ ಸಂಸ್ಥೆಯಲ್ಲಿದ್ದ. ಅಪ್ಪನಿಗೆ ಫೋಟೋ ಹುಚ್ಚು, ಮನೆಯ ನೆಲಮಾಳಿಗೆಯಲ್ಲಿ ಕತ್ತಲಕೋಣೆ ಇತ್ತು. ಆ ಕತ್ತಲಕೋಣೆಯಲ್ಲಿ ಕಲಿತ ವಿದ್ಯೆಯನ್ನೇ ಅಣ್ಣತಮ್ಮಂದಿರು ಕಂಪ್ಯೂಟರಿಗೆ ಕಲಿಸಿದರು. ಅಡೋಬಿ ಕಂಪನಿ ಅದನ್ನು ಪಡೆದು 1990ರ ಫೆಬ್ರವರಿಯಲ್ಲಿ ಫೋಟೋಶಾಪ್ ಎಂಬ ಹೆಸರಿನಿಂದ ಮಾರುಕಟ್ಟೆಗೆ ತಂದಿತು. ಅದನ್ನು ತೆರೆದಾಗ ಮೊದಲು ಮೂಡುವ ಫಲಕದಲ್ಲಿ ಕಟ್ಟಿದವರ ಹೆಸರುಗಳ ಸಾಲು ಬರುತ್ತಿತ್ತು. ಅದರಲ್ಲಿ ಸೀತಾರಾಮನ್ ನಾರಾಯಣನ್ ಎಂಬ ಹೆಸರು ವರ್ಷಾನುಗಟ್ಟಲೆ ಇದ್ದು, ಎಲ್ಲೆಲ್ಲಿಯ ಜನಕ್ಕೂ ಪರಿಚಿತವಾಯಿತು.

ಈ ಯಂತ್ರದ ಕೈಗೆ ಮೊದಲು ಸಿಕ್ಕ ಬಣ್ಣದ ಚಿತ್ರವೂ ಒಬ್ಬ ಹೆಂಗಸಿನದೇ. 1987ರ ಆಗಸ್ಟಿನಲ್ಲಿ ಬೋರಾ ಬೋರಾ ದ್ವೀಪದ ದಂಡೆಯಲ್ಲಿ ಬೆನ್ನು ತಿರುಗಿಸಿ ಕುಳಿತು ಎದುರಿನ ದ್ವೀಪ ನೋಡುತ್ತಿದ್ದ ಜೆನ್ನಿಫರಳ ಫೋಟೋವನ್ನು ಜಾನ್ ತೆಗೆದಿದ್ದ. ಮುಂದೆ ಆಕೆ ಅವನ ಹೆಂಡತಿಯಾದಳು. ಪ್ರೋಗ್ರಾಂ ಏನೇನು ಮಾಡಬಲ್ಲದು ಎಂದು ತೋರಿಸಲು ಕೈಗೆ ಸಿಕ್ಕಿದ್ದು ಆ ಫೋಟೋ. ಹೋದಹೋದಲ್ಲಿ ಅವನು ಒಬ್ಬ ಜೆನ್ನಿಫರಳನ್ನು ಇಬ್ಬರನ್ನಾಗಿ ಮಾಡಿ ತೋರಿಸಿದ, ಒಂದು ದ್ವೀಪದ ಪಕ್ಕ ಇನ್ನೊಂದು ದ್ವೀಪ ಬೆಳೆಸಿದ. ಆಕೆಯ ಮುಖ ಮಾತ್ರ ಯಾರಿಗೂ ಕಾಣಲಿಲ್ಲ. ಆಮೇಲೆ ಈ ಯಂತ್ರ ಎಷ್ಟು ಹೆಂಗಸರ ಮುಖ ತೀಡಲಿತ್ತು ಎಂದು ನೆನೆದರೆ, ಆಕೆ ಬೆನ್ನು ತಿರುಗಿಸಿ ಕುಳಿತದ್ದೇ ಒಳ್ಳೆಯದಾಯಿತು ಎನ್ನಿಸುತ್ತದೆ.

ಇದು ಕೆಲಸ ಮಾಡುವ ರೀತಿ ನಮಗೆ ಹೊಸದೇನಲ್ಲ. ಚಿತ್ರವೆಂದರೆ ಚುಕ್ಕಿ ರಂಗೋಲಿ. 12 ಸೆಂಟಿಮೀಟರ್ ಚೌಕದ ಒಂದು ಸಿಡಿ ಕವರು ಅಚ್ಚಿನಲ್ಲಿ ಚೆನ್ನಾಗಿ ಬರಬೇಕಾದರೆ ಅಂಗುಲಕ್ಕೆ 300ರಂತೆ ಒಟ್ಟು ಸುಮಾರು 20 ಲಕ್ಷ ಚುಕ್ಕಿ ಬೇಕು. ಒಂದೊಂದು ಚುಕ್ಕಿಗೂ ಕೆಂಪು, ಹಸಿರು, ನೀಲಿಗಳ ಪ್ರಮಾಣ ಹೇಳುವ ಮೂರು ಅಂಕಿ, ಸೊನ್ನೆಯಿಂದ 255ರವರೆಗೆ. ಅಂಕಿ ಬದಲಾದರೆ ಬಣ್ಣ ಬದಲಾಯಿತು. ಕಲೆ ತೆಗೆಯುವುದು ನಮ್ಮ ರಫೂ ಕೆಲಸವೇ. ರೇಷ್ಮೆ ಸೀರೆ ಹರಿದರೆ ಅದೇ ಸೀರೆಯ ಒಳಸೆರಗಿನಿಂದ ಎಳೆ ತೆಗೆದು ತುಂಬುವುದಿಲ್ಲವೇ? ಹಾಗೆ ಕೆನ್ನೆಯ ಒಳ್ಳೆಯ ಭಾಗದ ಚುಕ್ಕಿಗಳನ್ನು ತಂದು ಕಲೆಯ ಮೇಲೆ ಕೂರಿಸುವುದು. 1994ರ ಆವೃತ್ತಿಯಲ್ಲಿ ಪದರಗಳು ಬಂದವು. ಒಂದರ ಮೇಲೊಂದು ಗಾಜು ಇಟ್ಟಂತೆ, ಗಾಯಕಿ ಒಂದು ಗಾಜಿನ ಮೇಲೆ, ದೇವಸ್ಥಾನ ಒಂದರ ಮೇಲೆ, ಅಕ್ಷರ ಇನ್ನೊಂದರ ಮೇಲೆ. ಯಾವುದನ್ನು ಸರಿಸಿದರೂ ಉಳಿದದ್ದು ಕೆಡದು. 1998ರಲ್ಲಿ ಮಾಡಿದ ಕೆಲಸವನ್ನು ಹೆಜ್ಜೆ ಹೆಜ್ಜೆಯಾಗಿ ಹಿಂದಕ್ಕೆ ಹೋಗಿ ಅಳಿಸುವ ಸೌಲಭ್ಯ ಬಂತು. ಅಂಟಿಸಿದ್ದನ್ನು ಕಿತ್ತರೆ ಕಾಗದ ಹರಿಯುವ ಭಯ ಹೋಯಿತು.

ನಾನು ಈ ಕೆಲಸವನ್ನು ಹತ್ತಿರದಿಂದ ನೋಡಿದ್ದು 2012ರಲ್ಲಿ. ನಮ್ಮ ಮನೆಯ ಮದುವೆಯೊಂದಕ್ಕೆ ಬಂದವರಿಗೆ ತಾಂಬೂಲದ ಜತೆ ದೊಡ್ಡಮ್ಮ ಹಾಡಿದ ಸಂಪ್ರದಾಯದ ಹಾಡುಗಳ ಸಿಡಿ ಕೊಡುವುದೆಂದು ತೀರ್ಮಾನವಾಯಿತು. ದೊಡ್ಡಮ್ಮನಿಗೆ ಆಗ ಎಂಬತ್ತೆರಡು. ಹಸೆಗೆ ಕರೆಯುವ ಹಾಡು, ಆರತಿಯ ಹಾಡು, ಬೀಗರನ್ನು ಹಾಸ್ಯ ಮಾಡುವ ಹಾಡು, ಹೆಣ್ಣು ಒಪ್ಪಿಸುವ ಹಾಡು, ಹೀಗೆ ಹದಿನಾಲ್ಕು. ಅಣ್ಣನ ಮಗಳು ಎರಡು ಮಧ್ಯಾಹ್ನ ಕೂತು ರೆಕಾರ್ಡ್ ಮಾಡಿಕೊಂಡಳು. ಕೇಳಿ ನೋಡಿದಾಗ ಅವಳಿಗೊಂದು ತೊಡಕು ಕಂಡಿತು. ದೊಡ್ಡಮ್ಮ ಪ್ರತಿ ಸಾಲು ಹಾಡಿ ಆದ ಮೇಲೆ ಅಷ್ಟೇ ಹೊತ್ತು ಸುಮ್ಮನಿರುತ್ತಿದ್ದರು. “ಅಜ್ಜಿಗೆ ಉಸಿರು ಸಾಲುತ್ತಿಲ್ಲ, ಈ ಖಾಲಿ ಜಾಗಗಳನ್ನು ಕತ್ತರಿಸಿಬಿಡ್ತೀನಿ ಅತ್ತೆ” ಎಂದಳು. ಉಸಿರಿನ ಮಾತಲ್ಲ ಅದು. ಮುಂದೆ ಹೇಳುವವರು ದೊಡ್ಡಮ್ಮ, ಹಿಂದೆ ಹೇಳುವವರು ಅವರ ಓರಗಿತ್ತಿ, ನಮ್ಮ ಚಿಕ್ಕಮ್ಮ. ನಲವತ್ತು ವರ್ಷ ಊರಿನ ಎಲ್ಲ ಮದುವೆಗಳಲ್ಲಿ ಹಾಗೆಯೇ ಹಾಡಿದರು. 1991ರಲ್ಲಿ ಚಿಕ್ಕಮ್ಮ ಹೋದರು. ಅವರ ಸಾಲಿಗೆ ದೊಡ್ಡಮ್ಮ ಇನ್ನೂ ಜಾಗ ಬಿಡುತ್ತಿದ್ದರು.

ಕವರು ಮಾಡಲು ಊರಿನ ಡಿಜಿಟಲ್ ಸ್ಟುಡಿಯೋದ ಹುಡುಗ ಮನೆಗೇ ಲ್ಯಾಪ್‌ಟಾಪ್ ತಂದ. ಮದುವೆ ಆಲ್ಬಮ್, ಫ್ಲೆಕ್ಸು ಮಾಡಿ ಕೈ ಪಳಗಿದವನು. ದೊಡ್ಡಮ್ಮನ ಫೋಟೋ ತೆರೆದು ಅರ್ಧ ಗಂಟೆ ಏನೇನೋ ಮಾಡಿ, “ಅಜ್ಜಿ, ನಿಮ್ಮನ್ನ ಇಪ್ಪತ್ತು ವರ್ಷ ಚಿಕ್ಕೋರು ಮಾಡಿದೀನಿ, ನೋಡಿ” ಎಂದು ತಿರುಗಿಸಿದ. ಸುಕ್ಕಿಲ್ಲ, ಗಲ್ಲದ ಮಚ್ಚೆಯಿಲ್ಲ, ಮುಖ ಕಡೆದ ಬೆಣ್ಣೆ. ದೊಡ್ಡಮ್ಮ ಕನ್ನಡಕ ಹಾಕಿಕೊಂಡು ನೋಡಿದರು.

“ಯಾರಪ್ಪಾ ಇವಳು?”

“ನೀವೇ ಅಜ್ಜಿ!”

“ಈ ಮುಖ ನೋಡಿ ಹಾಡು ಹಾಕಿದೋರು, ದನಿ ಕೇಳಿ ಹೆದರಿಕೊಂಡಾರು ಕಣೋ. ನಡುಗೋ ದನಿಗೆ ನಡುಗೋ ಮುಖವೇ ಇರ್ಲಿ.”

ಹುಡುಗ ಬೇಸರಪಡಲಿಲ್ಲ. ಒಂದು ಗುಂಡಿ ಒತ್ತುತ್ತ ಹೋದ. ಒಂದೊಂದೇ ಸುಕ್ಕು ತಿರುಗಿ ಬಂತು, ಕೊನೆಗೆ ಮಚ್ಚೆಯೂ ಬಂತು. ಹೀಗೆ ಹಿಂದಕ್ಕೆ ಹೋಗಬಹುದೆಂಬುದು ದೊಡ್ಡಮ್ಮನಿಗೆ ಬಹಳ ಹಿಡಿಸಿತು. ಸ್ವಲ್ಪ ಹೊತ್ತು ಯೋಚಿಸಿ, “ಇಷ್ಟೆಲ್ಲಾ ಬರುತ್ತಲ್ಲ, ಅವಳನ್ನ ತಂದು ನನ್ನ ಪಕ್ಕ ಕೂರಿಸೋಕೆ ಬರುತ್ತೇನೋ?” ಎಂದರು.

ಇಬ್ಬರೂ ಜತೆಗಿರುವ ಒಂದು ಫೋಟೋ ಮನೆಯಲ್ಲಿರಲಿಲ್ಲ. ಅಡಿಗೆ ಬಡಿಸುವವರು, ಹಾಡುವವರು ಫೋಟೋಗೆ ನಿಲ್ಲಲು ಪುರಸೊತ್ತಾದರೂ ಎಲ್ಲಿ? ಟ್ರಂಕೆಲ್ಲ ಹುಡುಕಿದ ಮೇಲೆ 1969ರ ಮದುವೆಯೊಂದರ ಗುಂಪು ಫೋಟೋ ಸಿಕ್ಕಿತು. ಮೂರನೆಯ ಸಾಲಿನಲ್ಲಿ ಚಿಕ್ಕಮ್ಮ. ಮುಂದೆ ನಿಂತವರ ಪೇಟ ಅವರ ಅರ್ಧ ಮುಖ ಮುಚ್ಚಿತ್ತು. ಹುಡುಗ ಅದನ್ನು ಸ್ಕ್ಯಾನ್ ಮಾಡಿ, ಅಂಚು ಬಿಡಿಸಿ, ದೊಡ್ಡಮ್ಮನ ಪಕ್ಕಕ್ಕೆ ತಂದ. ಕಾಣುವ ಅರ್ಧವನ್ನೇ ಕನ್ನಡಿಯಂತೆ ಮಗುಚಿ ಇನ್ನೊಂದು ಅರ್ಧ ಮಾಡಿದ. ನೋಡಿದರೆ ಚಿಕ್ಕಮ್ಮನಿಗೆ ಎರಡು ಮೂಗುಬೊಟ್ಟು! ಎಲ್ಲರೂ ನಕ್ಕೆವು. ಅವನು ಒಂದನ್ನು ಅಳಿಸಿದ. ಆಗಲೂ ಆ ಮುಖ ಯಾರದೋ ಆಗಿತ್ತು. “ಬೇಡ ಬಿಡಪ್ಪಾ. ಕಂಡಷ್ಟೇ ಇರ್ಲಿ” ಎಂದರು ದೊಡ್ಡಮ್ಮ. ಕೊನೆಗೆ ಹುಡುಗನೇ ಒಂದು ದಾರಿ ಕಂಡ. ಚಿಕ್ಕಮ್ಮನನ್ನು ದೊಡ್ಡಮ್ಮನ ಹೆಗಲ ಹಿಂದೆ ನಿಲ್ಲಿಸಿದ. ಮುಚ್ಚಿದ ಅರ್ಧ ಹೆಗಲಿನ ಮರೆಗೆ ಹೋಯಿತು. ಹಿಂದೆ ಹೇಳುವವರು ಹಿಂದೆ ನಿಂತರು.

ಇಬ್ಬರ ಹೆಸರನ್ನೂ ಒಂದೇ ಅಳತೆಯ ಅಕ್ಷರದಲ್ಲಿ ಹಾಕಬೇಕೆಂದೆವು. ಅಲ್ಲಿ ಮತ್ತೊಂದು ಫಜೀತಿ. ಆ ಕಾಲದ ಫೋಟೋಶಾಪಿಗೆ ಕನ್ನಡದ ಯೂನಿಕೋಡ್ ಅಕ್ಷರ ಹಾಕಿದರೆ ಒತ್ತಕ್ಷರ ಕೆಳಗಿಳಿಯುತ್ತಿರಲಿಲ್ಲ, ಪಕ್ಕಕ್ಕೆ ಬಂದು ನಿಲ್ಲುತ್ತಿತ್ತು. ಹುಡುಗ ‘ನುಡಿ’ಯಲ್ಲಿ ಟೈಪ್ ಮಾಡಿ ತಂದು ಸರಿಪಡಿಸಿದ. ಮದುವೆಯ ಕಾಗದಗಳಲ್ಲಿ ಗಂಡಂದಿರ ಹೆಸರಿನ ಹಿಂದೆ ‘ಶ್ರೀಮತಿ’ ಎಂದಷ್ಟೇ ಅಚ್ಚಾಗುತ್ತಿದ್ದ ಚಿಕ್ಕಮ್ಮನ ಸ್ವಂತ ಹೆಸರು ಅಚ್ಚಾದದ್ದನ್ನು ನಾನು ನೋಡಿದ್ದು ಅದೇ ಮೊದಲು. ಕವರಿನ ಒಳಬದಿಯಲ್ಲಿ, ಇದು 1969ರ ಮತ್ತು 2012ರ ಎರಡು ಫೋಟೋ ಸೇರಿಸಿ ಮಾಡಿದ ಚಿತ್ರ ಎಂದು ಒಂದು ಸಾಲು ಬರೆಸಿದೆ. ಹಾಡಿನ ನಡುವಿನ ಖಾಲಿ ಜಾಗಗಳನ್ನು ಯಾರೂ ಕತ್ತರಿಸಲಿಲ್ಲ. ಇನ್ನೂರು ಸಿಡಿ ತಾಂಬೂಲದ ಚೀಲಗಳಲ್ಲಿ ಹೋದವು.

ಸೇರಿಸುವುದು ಸುಳ್ಳು, ಇದ್ದಂತೆ ಬಿಡುವುದು ನಿಜ ಎಂದು ಅಷ್ಟು ಸುಲಭವಾಗಿ ಹೇಳಲಾಗುವುದಿಲ್ಲ ಎಂದು ನನಗೆ ಆಗ ಅನ್ನಿಸಿತು. 1969ರ ಫೋಟೋದಲ್ಲಿ ಯಾರೂ ಏನೂ ತಿದ್ದಿರಲಿಲ್ಲ, ಆದರೂ ಅಲ್ಲಿ ಚಿಕ್ಕಮ್ಮನಿಗೆ ಅರ್ಧ ಮುಖವೇ ದಕ್ಕಿತ್ತು. ಗಾಂಧಿಯವರನ್ನು ತೆಗೆದ ಕೈಯೂ, ಓರಗಿತ್ತಿಯರನ್ನು ಕೂಡಿಸಿದ ಕೈಯೂ ಮಾಡಿದ್ದು ಒಂದೇ ಕೆಲಸ. ಯಾರಿಗಾಗಿ ಮಾಡಿದರು, ಯಾರನ್ನು ಕೇಳಿ ಮಾಡಿದರು, ಮಾಡಿದ್ದನ್ನು ಹೇಳಿದರೋ ಮುಚ್ಚಿಟ್ಟರೋ ಎಂಬುದರಲ್ಲಿ ವ್ಯತ್ಯಾಸವಿದೆ. ದೊಡ್ಡಮ್ಮ ಬೇಡವೆಂದದ್ದು ತಿದ್ದುವುದನ್ನಲ್ಲ, ತಾನಲ್ಲದವಳಾಗುವುದನ್ನು.

ಈಗ ಸಿಡಿಯೂ ಹಳೆಯದಾಯಿತು. ಹಾಡು ಮೊಬೈಲಿನಲ್ಲಿ ಬರುತ್ತದೆ. ಒಂದಡಿ ಅಗಲವಿದ್ದ ಕವರು ಹೆಬ್ಬೆರಳ ಉಗುರಿನಷ್ಟಾಗಿದೆ. ಮುಖ ನುಣುಪು ಮಾಡುವ ಕೆಲಸವನ್ನು ಎಷ್ಟೋ ಫೋನುಗಳು ನಾವು ಕೇಳದೆಯೇ ಮಾಡಿಬಿಡುತ್ತವೆ. 2023ರಿಂದ ಈಚೆಗೆ ಫೋಟೋಶಾಪಿನಲ್ಲಿ ಮಾತಿನಲ್ಲಿ ಬರೆದು ಹೇಳಿದರೆ ಸಾಕು, ಇಲ್ಲದ ತೋಟವೂ ಬೆಳೆಯುತ್ತದೆ, ಇಲ್ಲದ ಮನುಷ್ಯರೂ ಬಂದು ನಿಲ್ಲುತ್ತಾರೆ. ಅರ್ಧ ಮುಖ ಕೊಟ್ಟರೆ ಎರಡು ಮೂಗುಬೊಟ್ಟಿನ ತಪ್ಪಿಲ್ಲದೆ ಪೂರ್ತಿ ಮುಖ ಮಾಡಿಕೊಡುತ್ತವೆ. ಅದು ಅವರ ಮುಖವೋ ಅಲ್ಲವೋ ಎಂದು ಹೇಳಬೇಕಾದವರು ಮಾತ್ರ ಅವರನ್ನು ಕಂಡವರೇ.

ಆದ್ದರಿಂದ ಓದುವ ಅಕ್ಕತಂಗಿಯರಲ್ಲಿ ನನ್ನದೊಂದು ಸಣ್ಣ ಕೋರಿಕೆ. ಮನೆಯ ಹಳೆಯ ಫೋಟೋಗಳನ್ನು ಒಂದು ಮಧ್ಯಾಹ್ನ ಹೊರಗೆ ತೆಗೆಯಿರಿ. ಹಿಂಬದಿಯಲ್ಲಿ ಪೆನ್ಸಿಲಿನಿಂದ, ಒತ್ತದೆ, ನಿಂತವರ ಹೆಸರು ಮತ್ತು ವರ್ಷ ಬರೆಯಿರಿ. ‘ಇಂಥವರ ಹೆಂಡತಿ’ ಎಂದಲ್ಲ, ಅವರ ಹೆಸರನ್ನೇ ಬರೆಯಿರಿ. ಮನೆಯಲ್ಲಿ ಹಾಡುವವರಿದ್ದರೆ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಹಾಡು ಮುಗಿದ ಮೇಲೆ ಕೂಡಲೇ ನಿಲ್ಲಿಸಬೇಡಿ. ಗೌಹರ್ ಜಾನ್ ಹೇಳಿದ ಹಾಗೆ ಅವರೂ ತಮ್ಮ ಹೆಸರನ್ನು ಗಟ್ಟಿಯಾಗಿ ಒಮ್ಮೆ ಹೇಳಲಿ.